ಗಿಳಿಹಸಿರಿನ ಎರಡೆಳೆ

ಹಿಂದೂಪುರದ ನೇಕಾರರ ಬೀದಿಯಲ್ಲಿ ಆನಂದಕುಮಾರನಂಥ ಮೊಂಡ ಇನ್ನೊಬ್ಬನಿಲ್ಲ ಅಂತ ಅವನ ಅಮ್ಮ ಪದ್ಮಾವತಮ್ಮನೇ ಬಂದವರಿಗೆಲ್ಲ ಕಾಫಿ ಜೊತೆ ಹೇಳುತ್ತಿದ್ದಳು. ಮೂವತ್ತೇಳು ವರ್ಷ, ಮುಂದಲೆ ಬೋಳು, ಮದುವೆಯಿಲ್ಲ. ಮಗ್ಗದ ಗುಂಡಿಗೆ ಇಳಿದರೆ ಮಾತ್ರ ರಾಜ. ರಾಜ್ಯದ ಅಗಲ ಮೂರು ಮೊಳ.

ಹತ್ತು ಮನೆಯ ಸೀರೆ ಒಂದೇ ಗಂಟಾಗಿ ವ್ಯಾಪಾರಿಗೆ ಹೋಗುವುದರಿಂದ, ಯಾವುದು ಯಾರದೆಂದು ತಿಳಿಯಲಿ ಅಂತ ಅಲ್ಲಿಯವರು ಒಳಸೆರಗಿನ ಕೊನೆಗೆ ಎರಡೆಳೆ ತಮ್ಮ ಬಣ್ಣ ನೇಯುತ್ತಾರೆ. ಆನಂದನದು ಗಿಳಿಹಸಿರು.

ಕಲ್ಯಾಣದುರ್ಗದ ಉಮಾದೇವಿ ಆರು ವರ್ಷದಿಂದ ತನ್ನ ಹೊಲಿಗೆ ಅಂಗಡಿಯಲ್ಲಿ ಅವನ ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದಳು. ಮದುವೆ ಮಾತು ಕೇಳಬೇಕೆಂದೇ ಪ್ರತಿ ತಿಂಗಳೂ ಬಸ್ಸು ಹತ್ತುತ್ತಿದ್ದ. "ಫಾಲ್ ನೆಟ್ಟಗೆ ಬರ್ಲಿ" ಅಂತ ಹೇಳಿ ವಾಪಸ್ಸಾಗುತ್ತಿದ್ದ. ಒಂದು ಸಲ ಬಸ್ಸು ತಪ್ಪಿ, ಹೈಸ್ಕೂಲು ಗೆಳೆಯ ರೊದ್ದಂ ಸುರೇಂದ್ರನ ಬೈಕಲ್ಲಿ ಹೋದದ್ದೇ ಕೆಡುಕಾಯಿತು.

ವಾರಕ್ಕೆ ಸುರೇಂದ್ರ ಬಂದು, "ಉಮಾದೇವಿಗೆ ಒಂದು ಸೀರೆ ನೇಯ್ಕೊಡು ಕಣ್ಲಾ. ಕೊಟ್ಟು, ಕೇಳ್ಬುಡ್ತೀನಿ" ಅಂದ.

ಆನಂದನಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಬೇಕೆಂದೇ ಕೆಡಿಸಲು ಕೈ ಬರಲಿಲ್ಲ. ಅಷ್ಟು ಚೆಂದದ ಸೀರೆ ಅವನು ಮೊದಲು ನೇಯ್ದಿರಲಿಲ್ಲ. ಆದರೆ ಅಭ್ಯಾಸಬಲದಿಂದ ಕೊನೆಗೆ ಗಿಳಿಹಸಿರೂ ಬಂದುಬಿಟ್ಟಿತ್ತು.

"ಇದೇನ್ಲಾ, ನನ್ನ ಸೀರೇಲಿ ನಿನ್ನ ರುಜು? ಕಿತ್ತಾಕು" ಅಂದ, ಸೀರೆ ಒಯ್ಯಲು ಬಂದ ಸುರೇಂದ್ರ.

ಎರಡು ನಿಮಿಷದ ಕೆಲಸ. ಆನಂದ ಕೈಕಟ್ಟಿ ಕೂತ. "ಕೀಳಲ್ಲ. ನೇಯ್ದೋನು ನಾನು. ಅವಳನ್ನ ಮೊದ್ಲು ಇಷ್ಟಪಟ್ಟೋನೂ ನಾನೇ. ಆರು ವರ್ಷ ಆಯ್ತು."

ಸುರೇಂದ್ರ ತೆಲುಗಿಗೆ ಇಳಿದ. "ಆರು ವರ್ಷ ಏಂ ಚೇಸ್ತಾ ಉಂಟಿವಿರಾ, ಏನ್ಮಾಡ್ತಿದ್ದೆ?"

"ಫಾಲ್ ಹಾಕಿಸ್ತಿದ್ದೆ."

"ನಡಿ. ಇಬ್ರೂ ಕೇಳಾನ."

ಬೈಕಿನಲ್ಲಿ ಇಬ್ಬರ ನಡುವೆ ಸೀರೆ ಕೂತಿತ್ತು.

ಉಮಾದೇವಿ ಇಬ್ಬರ ಮಾತೂ ಕೇಳಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು. "ಬಾಯಿ ಬಿಡೋಕೆ ಆರು ವರ್ಷ ತಗೊಂಡೋರ ಜೊತೆ ಸಂಸಾರ ಹೆಂಗೆ ಮಾಡ್ಲಿ ಆನಂದಣ್ಣ? ಇವರು ಇವತ್ತು ಎರಡನೇ ಸಲ ಬಂದೋರು, ಬಂದಕೂಡ್ಲೇ ಕೇಳಿದ್ರು. ನಂಗೆ ಒಪ್ಗೆ ಐತೆ."

ಅಣ್ಣ ಅಂದಮೇಲೆ ಇನ್ನೇನು ಉಳಿಯಿತು.

ಅಂಗಡಿಯಿಂದ ಹೊರಗೆ ಬಂದ ಮೇಲೆ ಸುರೇಂದ್ರ ಮೆಲ್ಲಗೆ, "ಈಗ್ಲಾದ್ರೂ ಕೀಳ್ತೀಯಾ?" ಅಂದ.

"ಕೀಳಲ್ಲ. ಬೇಕಾದ್ರೆ ನೀನೇ ಕಿತ್ಕೊ. ಆಮೇಲೆ ನಮ್ಮನೆ ಮೆಟ್ಲು ಹತ್ಬೇಡ."

ಸುರೇಂದ್ರ ಒಳಗೆ ಹೋಗಿ ತಂದ ಸೀರೆಯ ಮಡಿಕೆ ಬಿಚ್ಚಿ ಹಸಿರೆಳೆಯ ತುದಿಯನ್ನು ಉಗುರಲ್ಲಿ ಹಿಡಿದ. ಬಾಗಿಲಲ್ಲಿ ನಿಂತ ಆನಂದ ಕಣ್ಣು ಮಿಟುಕಿಸಲಿಲ್ಲ. ಸುರೇಂದ್ರ ಎಳೆ ಬಿಟ್ಟು, ಸೀರೆ ಮಡಚಿ ಉಮಾದೇವಿಯ ಕೈಗಿಟ್ಟ.

"ಹೆಂಗೂ ಸೊಂಟಕ್ಕೆ ಸಿಗಿಸ್ಕೋತಾರೆ. ಯಾರ್ಗೆ ಕಾಣ್ತದೆ" ಅಂದ ಹೊರಗೆ ಬಂದು.

"ನಿಂಗೆ ಗೊತ್ತಿರ್ತದಲ್ಲ, ಸಾಕು" ಅಂದ ಆನಂದ. "ಬೀಗದಕೈ ಕೊಡು ಕಣ್ಲಾ. ಬೈಕು ನಾನೇ ಓಡಿಸ್ತೀನಿ."

ಅವನಿಗೆ ಬೈಕು ಸರಿಯಾಗಿ ಬರುವುದಿಲ್ಲವೆಂದು ಸುರೇಂದ್ರನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಬೀಗದಕೈ ಕೊಟ್ಟು ಹಿಂದೆ ಕೂತ. ಊರ ಹತ್ತಿರದ ಸೋಮಂದೇಪಲ್ಲಿ ಬರುವವರೆಗೂ ಬೈಕು ಎರಡನೇ ಗೇರು ದಾಟಲಿಲ್ಲ.