ನೀಲಿ ಹಾಳೆ, ಗೋಡೆಯಾಚೆಯ ಉಗಿ

ಹಿಲ್ಕಾ ಮಾತು ನುಂಗುವ ಹೆಂಗಸು. ನದಿದಂಡೆಯ ಕಾಗದ ಕಾರ್ಖಾನೆಯಲ್ಲಿ ಹಾಳೆಯ ಬಿಳುಪು ನೋಡುವುದು ಅವಳ ಕೆಲಸ. ತುಸು ಹಳದಿ ಕಂಡರೂ ಹಾಳೆಯನ್ನು ಬದಿಗೆ ಎಳೆದಿಡುವಳೇ ಹೊರತು ತುಟಿ ಬಿಚ್ಚುತ್ತಿರಲಿಲ್ಲ. ಕಾರ್ಖಾನೆ ಮುಚ್ಚುವ ಸುದ್ದಿಯನ್ನು ಮೇಲ್ವಿಚಾರಕಿ ಹೇಳಿದ್ದು ಹೆಂಗಸರ ಉಗಿಸ್ನಾನದ ಕೋಣೆ ಸೌನಾದಲ್ಲಿ, ಕಾದ ಕಲ್ಲಿನ ಮೇಲೆ ನೀರೆರಚುತ್ತ. ಜಾಣೆ ಅವಳು. ನಮ್ಮಲ್ಲಿ ಸೌನಾದ ಉಗಿಯಲ್ಲಿ ಕೂತವರು ಜಗಳ ಆಡುವುದಿಲ್ಲ, ಅದು ದೇವರ ಮನೆ ಇದ್ದಂತೆ. ಹಿಲ್ಕಾಳ ಗಂಟಲಿಗೆ ಬಂದ ಮಾತು ಅಲ್ಲೇ ಉಳಿಯಿತು, ಉಳಿದವರದ್ದೂ ಅಷ್ಟೇ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಬಂಗಾರದಿಂದ ನಮ್ಮೂರಿನ ಯಾರ ಹೊಟ್ಟೆಯೂ ತುಂಬಲಿಲ್ಲ.

ಆಮೇಲೆ ಅವಳು, ಜೊತೆಗಾತಿ ಸೈಮಿ, ಕೆಲಸ ಹೋದ ಇನ್ನು ಕೆಲವರು ಸೇರಿ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಹೊಸ ಕಸುಬು ಹಿಡಿದರು. ಮರದ ತಿರುಳನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿಸಿ, ನೀರಿನಲ್ಲಿ ಕದಡಿ, ತಟ್ಟೆಗೆ ಸುರಿದು ಹಾಳೆಯಾಗಿ ಒಣಗಿಸುವುದು. ಬಣ್ಣ ಹಾಕುವುದಿಲ್ಲ. ನೀರು ಆರಿದಂತೆ ಎಳೆಗಳು ಸುರುಳಿ ಮೆಟ್ಟಿಲಿನಂತೆ ಜೋಡಿಸಿಕೊಂಡು, ಬೆಳಕಿನಲ್ಲಿ ತಮಗೆ ಬೇಕಾದ ಬಣ್ಣವನ್ನಷ್ಟೇ ಹಿಂದಕ್ಕೆ ಕಳಿಸುತ್ತವೆ. ಪಾರಿವಾಳದ ಕುತ್ತಿಗೆಗೆ ಯಾರು ಬಣ್ಣ ಬಳಿದರು, ಇದೂ ಹಾಗೆ. ಹಸಿ ಇದ್ದಾಗ ಕೆಂಪು, ಆಮೇಲೆ ಹಸಿರು, ಪೂರ್ತಿ ಒಣಗಿದರೆ ನೀಲಿ.

ಹೆಲ್ಸಿಂಕಿಯ ಕಾರೀನಾಗೆ ಬೇಕಿದ್ದದ್ದು ಆ ನೀಲಿಯೇ. ರಂಗಭೂಮಿಯ ಉಡುಪುಗಳಿಗೆ ಹೊಲಿಯುವ ಮಿಣುಕು ಬಿಲ್ಲೆಗಳನ್ನು ಅದರಿಂದ ಕತ್ತರಿಸಬೇಕು. ಶನಿವಾರ ಖುದ್ದಾಗಿ ಬಂದಿದ್ದಳು. ಹಾಳೆ ನೋಡಿ ಒಪ್ಪಿದರೆ ಒಪ್ಪಿದಳು, ಇಲ್ಲವಾದರೆ ಸಂಜೆಯ ರೈಲು. ಅವಳು ಒಪ್ಪದೆ ಹೋದರೆ ನೆಲಮಾಳಿಗೆಗೂ ಬೀಗವೇ ಗತಿ.

ಮಧ್ಯಾಹ್ನದ ಹೊತ್ತಿಗೆ ತಟ್ಟೆಯಲ್ಲಿ ಹಸಿರು ಮೂಡಿ, ಅಂಚಿನಲ್ಲಿ ನೀಲಿ ಇಣುಕಿತು. ಉಸಿರು ತಾಗೀತೆಂದು ಹಿಲ್ಕಾ ದೂರವೇ ನಿಂತಿದ್ದಳು. ಇದ್ದಕ್ಕಿದ್ದಂತೆ ಅಂಚಿನ ನೀಲಿ ಮಾಯವಾಯಿತು. ನೋಡನೋಡುತ್ತಲೇ ನಡುವೆ ಕೆಂಪು ಹರಡತೊಡಗಿತು. ಗೋಡೆ ಮುಟ್ಟಿದಳು. ಬೆಚ್ಚಗಿತ್ತು, ಒದ್ದೆಯಾಗಿತ್ತು.

ಗೋಡೆಯಾಚೆ ಹಳೆಯ ಸೌನಾ. ಶನಿವಾರ ಅತಿಥಿ ಬಂದರೆ ಸೌನಾ ಕಾಯಿಸದೆ ಕಳಿಸುವುದುಂಟೇ? ಸೈಮಿ ಹಿಂದೆಮುಂದೆ ನೋಡದೆ ಕಾಯಿಸಿದ್ದಳು.

"ಇನ್ನೊಂಚೂರು ಹಾಕಿ, ಸೈಮಿ," ಕಾರೀನಾಳ ದನಿ ಕೇಳಿಸಿತು. "ಇಂಥ ಉಗಿ ಪೇಟೇಲಿ ಎಲ್ಲಿ ಸಿಗತ್ತೆ."

"ಹಾಕ್ತೀನಿ. ನೀವೇ ಸಾಕು ಅನ್ನೋ ತನಕ ಬಿಡಲ್ಲ."

ಕಲ್ಲು ಚೊಯ್ಯೆಂದಿತು.

ಹಿಲ್ಕಾ ಕಿಟಕಿ ತೆರೆದಳು. ಹಿಮದ ಒಣಗಾಳಿ ನುಗ್ಗಿತು. ಆದರೂ ಗೋಡೆಯ ಬಿರುಕಿನಿಂದ ಉಗಿ ಬರುತ್ತಲೇ ಇತ್ತು. ಸೌನಾದ ಬಾಗಿಲವರೆಗೆ ಹೋದವಳು ಹಿಡಿಯ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಒಳಗೆ ಸೌಟು ಬಕೆಟ್ಟಿಗೆ ತಾಗಿದ ಸದ್ದಾಯಿತು. ಬಾಗಿಲು ತಳ್ಳಿದಳು.

"ನೀರು ಸಾಕು."

ಸೈಮಿಯ ಸೌಟು ಮೇಲೆಯೇ ನಿಂತಿತು. "ಏನೇ ಇದು? ಅತಿಥಿ ಇದಾರೆ."

"ಇದಾರೆ, ಅದಕ್ಕೇ ಹೇಳ್ತಿರೋದು. ಇನ್ನೊಂದು ಸೌಟು ಬಿದ್ರೆ ಇವರು ನೋಡೋಕೆ ಬಂದಿರೋ ಹಾಳೇನೇ ಇರಲ್ಲ. ಬಕೆಟ್ ಇತ್ಲಾಗೆ ಕೊಡು."

ಬಕೆಟ್ಟನ್ನು ಕಿತ್ತುಕೊಂಡು ಹೋಗಿ ಹಿಮದ ಮೇಲೆ ಸುರಿದಳು. ಅತಿಥಿಯ ಸೌನಾದ ನೀರನ್ನು ಹೊರಗೆ ಚೆಲ್ಲಿದವರು ನಮ್ಮೂರಿನಲ್ಲಿ ಅದಕ್ಕೆ ಮೊದಲು ಯಾರೂ ಇರಲಿಲ್ಲ. ಕಾರೀನಾ ಎದ್ದು ಹಾಳೆಯಿದ್ದ ಕೋಣೆಗೆ ನಡೆದಳು.

ಕಿಟಕಿ ತೆರೆದಿಟ್ಟು, ಕೋಟು ಹೊದ್ದು ಮೂವರೂ ಕಾದರು. ಕೆಂಪು ಮೆಲ್ಲಗೆ ಕರಗಿ ಹಸಿರಾಯಿತು. ಹಸಿರು ಅಲ್ಲೇ ಕೂತಿತು, ಏಳಲೊಲ್ಲದು. ಕಾರೀನಾ ಗಡಿಯಾರ ನೋಡಿಕೊಂಡಳು. ಆಮೇಲೆ ಅಂಚಿನಿಂದ ನೀಲಿ ಹೊರಟು ನಡುವಿಗೆ ಬಂದು ಸೇರಿತು.

ಕಾರೀನಾ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಬಗ್ಗಿದಳು. ಅವಳ ಉಸಿರು ಬಿದ್ದಲ್ಲಿ ಹಸಿರು ಮಚ್ಚೆ ಎದ್ದಿತು.

"ಹಿಂದೆ ಸರೀರಿ," ಎಂದಳು ಹಿಲ್ಕಾ.

ಅವಳು ಸರಿದಳು. ಮಚ್ಚೆ ಮಾಸಿ ಮತ್ತೆ ನೀಲಿಯಾಯಿತು. ಕಾರೀನಾ ಬಹಳ ಹೊತ್ತು ನೋಡಿದಳು.

"ಬಿಲ್ಲೆಗಳಿಗೆ ಮೆರುಗೆಣ್ಣೆ ಬಳಿದು ಕೊಡಿ," ಎಂದಳು. "ನಟಿಯರು ತುಂಬ ಬೆವರ್ತಾರೆ."

ಒಪ್ಪಿಗೆ ಎಂದರೆ ಅಷ್ಟೇ. ಅವಳು ರೈಲಿಗೆ ಹೋದ ಮೇಲೆ ಸೈಮಿ ಕಿಟಕಿ ಮುಚ್ಚಿದಳು.

"ಅಲ್ಲ ಕಣೇ, ಕಾರ್ಖಾನೆ ಮುಚ್ತೀವಿ ಅಂದಾಗ ಈ ನಾಲಿಗೇನ ಎಲ್ಲಿ ಇಟ್ಟಿದ್ದೆ?"

ಹಿಲ್ಕಾ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ.

"ಅವತ್ತೂ ಬಾಯಲ್ಲೇ ಇತ್ತು, ಸೈಮಿ. ನಿಂದೂ ಇತ್ತಲ್ಲ."