ಹೊಸ ಚಾವಣಿಯ ಕೆಳಗೆ

ಬಂಗಾರಪೇಟೆಯ ನಮ್ಮ ಮನೆಯ ಮೇಲೆ ಹೊಸ ಕೋಣೆ ಮುಗಿದಿದೆ. ಅದರ ಹಸಿ ಸಿಮೆಂಟಿನ ವಾಸನೆಗೆ ನಾನು ಬೆಳೆದ ಊರಿಗಾಂ ನೆನಪಾಯಿತು. ಅಲ್ಲಿ ಅಪ್ಪ ಚಿನ್ನದ ಗಣಿಯೊಳಗೆ ಕೆಲಸ ಮಾಡುತ್ತಿದ್ದ. ಅಲ್ಲಿನ ಮನೆಗೆ ಕೋಣೆಯೊಂದನ್ನು ಸೇರಿಸಿದಾಗ, ನಾವು ಕಾಲಿಡುವ ಮೊದಲು ಉದ್ದನೆಯ ಕೋಲಿನಿಂದ ಚಾವಣಿಯನ್ನೆಲ್ಲ ತಟ್ಟಿ ತಟ್ಟಿ ಕಿವಿಗೊಟ್ಟ. ಗಣಿಯಲ್ಲಿ ಬಂಡೆ ಸಡಿಲವಾಗಿದೆಯೇ ಎಂದು ಹಾಗೆಯೇ ತಿಳಿಯುತ್ತಿದ್ದರಂತೆ.

"ಏನಣ್ಣಾ, ನಾನ್ ಆಕಿರೋ ಮೋಲ್ಡು ಬಿದ್ದೋತದಾ?" ಮೇಸ್ತ್ರಿ ನಕ್ಕ.

"ಬಂಡೆ ಬೀಳೋಗಂಟ ನನ್ ಜೊತೆಗಾರನೂ ಇಂಗೇ ನಗ್ತಿದ್ದ ಕಣ್ಲಾ," ಎಂದ ಅಪ್ಪ.

ಆ ಮಧ್ಯಾಹ್ನವೆಲ್ಲ ಅಪ್ಪನೊಬ್ಬನೇ ಆ ಚಾವಣಿಯ ಕೆಳಗೆ ಮಲಗಿದ್ದ. ನಾವು ಬಾಗಿಲಲ್ಲಿ ಕಾದೆವು. ಕೊನೆಗೆ ಎದ್ದು ಅಮ್ಮನಿಗೆ, "ಮಕ್ಕಳನ್ ಕರ್ಕೊಂಡ್ ಬಾ," ಎಂದ.

ಇಂದು ನನ್ನ ಮಗಳು ಮೇಲಿನ ಕೋಣೆಯಲ್ಲಿ ಆಗಲೇ ಕುಣಿಯುತ್ತಿದ್ದಾಳೆ. ಒಮ್ಮೆಯೂ ತಲೆಯೆತ್ತಿ ಚಾವಣಿ ನೋಡಿಲ್ಲ. ನೋಡು ಎಂದು ನಾನೂ ಹೇಳಲಿಲ್ಲ.