ಕರೆಂಟ್ ಹೋದರೆ ಪೆಟ್ಟಿಯಮ್ಮ

ಓಡುತ್ತಿರುವ ಮಗ್ಗಗಳು ಒಟ್ಟಿಗೆ ನಿಂತಾಗ ಶೆಡ್ಡಿನಿಂದ ಒಂದು ವಾಸನೆ ಹೊರಗೆ ಬರುತ್ತದೆ. ಕಾದ ಬೆಲ್ಟು, ಎಣ್ಣೆ, ಹತ್ತಿಯ ಧೂಳು ಎಲ್ಲ ಸೇರಿದ ವಾಸನೆ. ಹೋದ ತಿಂಗಳು ನನ್ನ ತವರಿಗೆ, ಕೊಯಮತ್ತೂರು ಬಳಿಯ ಸೋಮನೂರಿನ ತಮ್ಮನ ಮನೆಗೆ ಹೋಗಿದ್ದಾಗ ಮಧ್ಯಾಹ್ನ ಕರೆಂಟ್ ಹೋಯಿತು, ಆ ವಾಸನೆ ಬಂತು. ನಾನು ಕಾಫಿ ಲೋಟ ಕೆಳಗಿಟ್ಟು ಎದುರುಮನೆಯ ಕಡೆ ಕಿವಿಗೊಟ್ಟು ಕೂತೆ. ಎದುರುಮನೆ ಈಗ ನೂಲಿನ ಗೋಡೌನು. ಅದು ನನಗೆ ಗೊತ್ತಿತ್ತು, ಆದರೂ ಕೂತೆ...

ಎಂಬತ್ತರ ದಶಕದಲ್ಲಿ ಆ ಮನೆಯಲ್ಲಿ ಪೆಟ್ಟಿಯಮ್ಮ ಇದ್ದರು. ಅವರ ಗಂಡ ನಮ್ಮ ಊರ ಕಡೆಯ ತಮಿಳು ಕ್ರೈಸ್ತರು, ವಾಲ್ಪಾರೈಯ ಟೀ ಎಸ್ಟೇಟಿನಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿಯ ಕ್ಲಬ್ಬಿನಲ್ಲಿ ಈಕೆ ಶನಿವಾರ ಸಂಜೆ ಒಬ್ಬರೇ ಕೂತು ಪಿಯಾನೋ ನುಡಿಸುತ್ತಿದ್ದರಂತೆ. ಕೇಳಲು ಬೇರೆ ಎಸ್ಟೇಟುಗಳಿಂದಲೂ ಜನ ಜೀಪು ಹತ್ತಿ ಬರುತ್ತಿದ್ದರಂತೆ. ಗಂಡ ರಿಟೈರಾಗಿ ನಮ್ಮ ಬೀದಿಯಲ್ಲಿ ಮನೆ ಕೊಂಡಾಗ, ಕ್ಲಬ್ಬಿನವರು ಹಳೆಯ ಪಿಯಾನೋವನ್ನು ಈಕೆಗೇ ಕೊಟ್ಟು ಕಳಿಸಿದರು. ಲಾರಿಯಿಂದ ಅದನ್ನು ಇಳಿಸುವುದನ್ನು ನೋಡಿ ನಮ್ಮಜ್ಜಿ, "ಅಬ್ಬಾ, ಎಷ್ಟ್ ದೊಡ್ಡ ಪೆಟ್ಟಿ!" ಎಂದಳು. ಹಾರ್ಮೋನಿಯಂಗೆ ನಾವು ಪೆಟ್ಟಿ ಅನ್ನುತ್ತಿದ್ದೆವು, ಇದು ಅದರ ದೊಡ್ಡಣ್ಣ. ವರ್ಷ ತುಂಬುವ ಮೊದಲೇ ಗಂಡ ತೀರಿಕೊಂಡರು. ಪೆಟ್ಟಿ ಮತ್ತು ಪೆಟ್ಟಿಯಮ್ಮ ಇಬ್ಬರೇ ಉಳಿದರು.

ನಮ್ಮದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಓದಿ ಬರೆಯುವುದನ್ನು ನಾನು ಕಲಿತದ್ದೇ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದ ಮೇಲೆ. ಬೆಳಗಾದರೆ ಪ್ರತಿ ಮನೆಯ ಶೆಡ್ಡಿನಲ್ಲೂ ಪವರ್‌ಲೂಮ್ ಬಡಿಯುತ್ತಿತ್ತು. ಪಕ್ಕದಲ್ಲಿ ಕೂತವರ ಜೊತೆಗೂ ಕೂಗಿಯೇ ಮಾತು. ಮದುವೆಯಾದ ಹೊಸತರಲ್ಲಿ ನನ್ನತ್ತೆ, ಈ ಹುಡುಗಿ ಯಾಕೆ ಯಾವಾಗಲೂ ಜಗಳಕ್ಕೆ ನಿಂತ ಹಾಗೆ ಮಾತಾಡುತ್ತಾಳೆ ಎಂದು ಕೇಳಿದ್ದುಂಟು.

ಆ ಗದ್ದಲದಲ್ಲಿ ಪಿಯಾನೋ ನುಡಿಸಿ ಏನು ಪ್ರಯೋಜನ? ಪೆಟ್ಟಿಯಮ್ಮ ಕರೆಂಟ್ ಹೋಗುವುದನ್ನೇ ಕಾಯುತ್ತಿದ್ದರು. ಆ ವರ್ಷಗಳಲ್ಲಿ ಅದಕ್ಕೇನೂ ಬರವಿರಲಿಲ್ಲ. ಮಗ್ಗ ನಿಂತ ಕೂಡಲೇ ಎದುರುಮನೆಯಿಂದ ಪೆಟ್ಟಿ ಕೇಳುತ್ತಿತ್ತು. ಗಂಡಸರು ಬೀಡಿ ಹಚ್ಚಿ ಜಗಲಿಯ ಮೇಲೆ ಕೂರುತ್ತಿದ್ದರು. ನಾನು ಕಂಡಿಕೆಗೆ ನೂಲು ಸುತ್ತುತ್ತಿದ್ದದ್ದು ಕೈರಾಟೆಯಲ್ಲಿ, ಅದಕ್ಕೆ ಕರೆಂಟ್ ಬೇಕಿರಲಿಲ್ಲ. ಆದರೂ ನಿಲ್ಲಿಸಿ ಬಾಗಿಲಿಗೆ ಬರುತ್ತಿದ್ದೆ. ನನಗೆ ಸಂಗೀತ ಗೊತ್ತಿಲ್ಲ, ಈಗಲೂ ಅಷ್ಟೆ. ಕೇಳುವಾಗ ಸುಖವಾಗುತ್ತಿತ್ತು ಎಂದಷ್ಟೇ ಹೇಳಬಲ್ಲೆ. ಕರೆಂಟ್ ಬಂದರೆ ಎಲ್ಲರೂ ಎದ್ದು ಒಳಗೆ ಓಡುತ್ತಿದ್ದೆವು. ಹಾಗಾಗಿ ಅವರ ಎಷ್ಟೋ ಹಾಡುಗಳ ಕೊನೆ ನಮ್ಮ ಬೀದಿಗೆ ಗೊತ್ತೇ ಆಗಲಿಲ್ಲ...

ಆದರೆ ಕರೆಂಟ್ ಹೋದರೆ ನೇಯ್ಗೆ ನಿಲ್ಲುತ್ತದೆ, ನೇಯ್ಗೆ ನಿಂತರೆ ಒಲೆ ತಣ್ಣಗಾಗುತ್ತದೆ. ಒಂದು ಬೇಸಿಗೆಯಲ್ಲಿ ಕರೆಂಟ್ ಕಟ್ ವಿಪರೀತವಾದಾಗ ಬೀದಿಯ ತಮಾಷೆಗೆ ಹುಳಿ ಬಂತು. ಪೆಟ್ಟಿಯಮ್ಮ ಮೇಣದಬತ್ತಿ ಹಚ್ಚಿ ಬೇಡಿಕೊಳ್ಳುತ್ತಾರೆ, ಅದಕ್ಕೇ ಕರೆಂಟ್ ಹೋಗುತ್ತದೆ ಎಂದು ಯಾರೋ ಅವರಿಗೆ ಕೇಳುವ ಹಾಗೆ ತಮಿಳಿನಲ್ಲೇ ಅಂದರು. ಮಾರನೆಯ ದಿನ ಕರೆಂಟ್ ಹೋಯಿತು, ಪೆಟ್ಟಿ ಬಾಯಿಬಿಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಬೀದಿ ಭಣಗುಟ್ಟಿತು. ಕೊನೆಗೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದುರುಮನೆ ಬಾಗಿಲಿಗೆ ಹೋದಳು. ನಾನೂ ಹಿಂದೆಯೇ ಹೋದೆ.

"ಯಾಕ್ ಅಮ್ಮಿಣಿ, ವಾಸಿಕ್ತಾ ಇಲ್ಲ?" ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಕೇಳಿದಳು, ಯಾಕೆ ನುಡಿಸುತ್ತಿಲ್ಲ ಅಂತ.

ನಿಮ್ಮ ಹೊಟ್ಟೆಯ ಮೇಲೆ ಹೊಡೆತ ಬೀಳುವಾಗ ನಾನು ಹೇಗೆ ನುಡಿಸಲಿ ಎಂದು ಪೆಟ್ಟಿಯಮ್ಮ ತಮಿಳಿನಲ್ಲಿ ಮೆಲ್ಲಗೆ ಹೇಳಿದರು.

ಅಜ್ಜಿ ರೇಗಿದಳು. "ಕರೆಂಟೂ ಇಲ್ಲ, ನೀವೂ ಇಲ್ಲ ಅಂದ್ರೆ ನಾವ್ ಏನ್ ಮಾಡಾದು? ಮೊಕ ಮೊಕ ನೋಡ್ಕೊಂಡ್ ಕೂರಾದಾ?"

ಅವತ್ತು ಸಂಜೆ ಪೆಟ್ಟಿ ಮತ್ತೆ ಶುರುವಾಯಿತು. ಅಜ್ಜಿಯ ಮೇಲೆ ನನಗೆ ಅಷ್ಟು ಪ್ರೀತಿ ಬಂದ ದಿನ ಇನ್ನೊಂದಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ರಾತ್ರಿ ಪೆಟ್ಟಿಯಮ್ಮ ನಿದ್ದೆಯಲ್ಲೇ ತೀರಿಕೊಂಡರು. ಬೆಳಿಗ್ಗೆ ಹಾಲಿನವಳು ಬಂದು ಹೇಳುವ ಹೊತ್ತಿಗೆ ಮಗ್ಗಗಳು ಶುರುವಾಗಿದ್ದವು. ಬೀದಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಯಾರೂ ಮಗ್ಗ ಓಡಿಸಬಾರದು, ಅದು ನಮ್ಮ ಪದ್ಧತಿ. ಆದರೆ ಆ ಮರ್ಯಾದೆ ನಮ್ಮ ಜನಕ್ಕೆ ಮಾತ್ರ. ಪೆಟ್ಟಿಯಮ್ಮ ಕ್ರೈಸ್ತರು, ನೆಂಟರಲ್ಲ, ಇಷ್ಟರಲ್ಲ. ಹಬ್ಬಕ್ಕೆ ಕೊಡಬೇಕಾದ ಬಟ್ಟೆ ಬೇರೆ ಮಗ್ಗದ ಮೇಲಿತ್ತು. ಬೀದಿಯ ಯಜಮಾನರು ನಮ್ಮ ಬಾಗಿಲಲ್ಲಿ ನಿಂತು, "ಅವ್ರ ಸಂಪ್ರದಾಯ ಬೇರೆ, ನಮ್ದು ಬೇರೆ..." ಎಂದು ರಾಗ ಎಳೆದರು. ಬದುಕಿದ್ದಷ್ಟು ದಿನ ಅವರ ಪೆಟ್ಟಿಯನ್ನು ನುಂಗಿದ ಸದ್ದೇ ಈಗ ಅವರ ಹೆಣದ ಮುಂದೆಯೂ ಬಡಿಯುತ್ತಿದೆಯಲ್ಲ ಎಂದು ನನಗೆ ಅಳು ಬಂತು.

ಅಜ್ಜಿ ಎದ್ದಳು. ಶೆಡ್ಡಿಗೆ ಹೋಗಿ ಮೈನ್ ಸ್ವಿಚ್ಚು ಕೆಳಗೆಳೆದಳು.

"ಬೀದೀಲಿ ಸಾವಾಗದೆ," ಎಂದಳು, ಅಷ್ಟೆ.

ನಮ್ಮ ಮಗ್ಗ ನಿಂತದ್ದು ಪಕ್ಕದ ಮನೆಗೆ ತಿಳಿಯಿತು, ಅವರದೂ ನಿಂತಿತು. ಹಾಗೇ ಒಂದೊಂದಾಗಿ ಬೀದಿಯ ಕೊನೆಯವರೆಗೂ ನಿಂತವು. ಯಜಮಾನರೂ ತಮ್ಮ ಶೆಡ್ಡಿನ ಕಡೆ ನಡೆದರು.

ಎಲ್ಲ ಸದ್ದು ಅಡಗಿದ ಕೂಡಲೇ ನಾವು, ಹೆಣ ನೋಡಿ ಬಂದವರೂ ಕೂಡ, ಎದುರುಮನೆಯತ್ತ ಕಿವಿ ತಿರುಗಿಸಿದೆವು. ಅಷ್ಟು ವರ್ಷದ ಅಭ್ಯಾಸ. ಕೊನೆಯ ಶೆಡ್ಡಿನ ಮುದುಕರೊಬ್ಬರಿಗೆ ಸಾವಿನ ಸುದ್ದಿಯೇ ತಲುಪಿರಲಿಲ್ಲ. ಮಗ ಸ್ವಿಚ್ಚು ಎಳೆದದ್ದನ್ನೂ ಅವರು ನೋಡಿರಲಿಲ್ಲ. ಬೀಡಿ ಹಚ್ಚಿಕೊಂಡು ನಿಧಾನವಾಗಿ ನಮ್ಮ ಜಗಲಿಯವರೆಗೆ ಬಂದು, "ಕರೆಂಟ್ ಹೋಗಿ ಇಷ್ಟ್ ಹೊತ್ತಾಯ್ತು, ಪೆಟ್ಟಿ ಇನ್ನೂ ಬರ್ಲಿಲ್ವಾ?" ಎಂದು ಕೇಳಿದರು.

ಕ್ರೈಸ್ತರು ಹೆಣ ಇಡುವ ಪೆಟ್ಟಿಗೆಗೂ ನಮ್ಮಲ್ಲಿ ಪೆಟ್ಟಿ ಎಂದೇ ಹೆಸರು. ಮುದುಕರು ಅದನ್ನೇ ಕೇಳುತ್ತಿದ್ದಾರೆ ಎಂದು ಜಗಲಿಯಲ್ಲಿದ್ದ ನಮ್ಮಪ್ಪ ಅಂದುಕೊಂಡರು.

"ತರಾಕ್ ಹೋಗವ್ರೆ ಮಾಮ," ಎಂದರು.

ಮುದುಕರು ಎದುರುಮನೆಯ ಮುಂದೆ ಸೇರಿದ್ದ ಜನರನ್ನು ಆಗ ನೋಡಿದರು. ಆಮೇಲೆ ಬೀಡಿಯನ್ನು ಗೋಡೆಗೆ ಒತ್ತಿ ಆರಿಸಿ, ನಮ್ಮ ಜೊತೆ ಕೂತರು. ಮಧ್ಯಾಹ್ನ ಹೆಣ ಎತ್ತುವವರೆಗೆ ಬೀದಿಯಲ್ಲಿ ಒಂದು ಮಗ್ಗವೂ ಓಡಲಿಲ್ಲ. ಪಿಯಾನೋವನ್ನು ಆಮೇಲೆ ಪೆಟ್ಟಿಯಮ್ಮನ ಕೊಯಮತ್ತೂರಿನ ನೆಂಟರು ಒಯ್ದರು. ಎಲ್ಲಿದೆಯೋ, ಯಾರು ಮುಟ್ಟುತ್ತಾರೋ...

ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ ಈಗ. ಕಾಫಿ ಲೋಟ ಕೆಳಗಿಟ್ಟು ಕೂತಿದ್ದ ನನ್ನನ್ನು ನೋಡಿ ತಮ್ಮ, "ಏನಕ್ಕ, ಯಾರ್‌ಗ್ ಕಾಯ್ತಾ ಇದ್ದೀಯ?" ಎಂದ. ಯಾರಿಗೂ ಇಲ್ಲ ಎಂದೆ. ಜನರೇಟರ್ ಹಾಕಲು ಎದ್ದಿದ್ದವನು ಬಾಗಿಲಲ್ಲಿ ಗೋಡೌನಿನ ಕಡೆ ನೋಡುತ್ತಾ ನಿಂತುಬಿಟ್ಟ. ಶೆಡ್ಡಿನಿಂದ ಕೆಲಸದವರು ಎರಡು ಸಲ ಕರೆದರು. ಅವನೂ ಕಾಯುತ್ತಿದ್ದ.